ಮೊದಲ ಕ್ರೆಡಿಟ್ ಕಾರ್ಡ್: ಪ್ರಯಾಣದ ಪಾಯಿಂಟ್ ಕೊಡುವ ಕಾರ್ಡನ್ನು ಆರಿಸುವುದು ಹೇಗೆ?

ಪ್ರಶ್ನೆ: ಉದ್ಯಮಬಾಗ್, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಾನು ಉದ್ಯಮಬಾಗಿನ ಒಂದು ಫೌಂಡ್ರಿಯ ಖರೀದಿ ವಿಭಾಗದಲ್ಲಿದ್ದೇನೆ. ಕೈಗೆ ಬರುವ ಪಗಾರ 41,000 ರೂಪಾಯಿ. ಇದುವರೆಗೆ ಡೆಬಿಟ್ ಕಾರ್ಡ್ ಮತ್ತು ಯುಪಿಐ ಬಿಟ್ಟು ಬೇರೇನನ್ನೂ ಬಳಸಿದವನಲ್ಲ. ಸಾಲವೆಂದರೆ ಬೈಕಿನದೊಂದು ಇತ್ತು, ಅದೂ ಹೋದ ವರ್ಷ ತೀರಿತು.

ಹೋದ ತಿಂಗಳು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕಾರ್ಡ್ ಮಾಡಿಸುವ ಹುಡುಗನೊಬ್ಬ, ನನ್ನ ಮಾತಿನ ಧಾಟಿ ಕೇಳಿಯೇ ಊರು ಹಿಡಿದು, "ನಾನೂ ಗೋಕಾಕ ಕಡೆಯಾಂವರೀ ಸರ್, ನಿಮಗ್ಯಾಕ ಸುಳ್ಳ ಹೇಳ್ಲಿ? ಮೊದಲನೇ ವರ್ಷ ಒಂದ್ ರೂಪಾಯಿನೂ ಇಲ್ರೀ" ಎಂದು ಕೈಗೊಂದು ಕರಪತ್ರ ಕೊಟ್ಟ. ಅದರಲ್ಲಿರುವಂತೆ ಪ್ರತಿ 150 ರೂಪಾಯಿ ಖರ್ಚಿಗೆ 4 ಪಾಯಿಂಟ್, ಸ್ವಾಗತದ ಉಡುಗೊರೆಯಾಗಿ 10,000 ಪಾಯಿಂಟ್, ವಿಮಾನ ನಿಲ್ದಾಣಗಳಲ್ಲಿ ಉಚಿತ ಲಾಂಜ್ (ತಿಂಡಿ ತಿಂದು ಕೂರುವ ವಿಶ್ರಾಂತಿ ಕೊಠಡಿ). ಎರಡನೆಯ ವರ್ಷದಿಂದ 3,000 ರೂಪಾಯಿ ಶುಲ್ಕ. ವರ್ಷಕ್ಕೆ 3 ಲಕ್ಷ ಖರ್ಚು ಮಾಡಿದರೆ ಅದೂ ಮಾಫಿ. ಅರ್ಜಿ ತುಂಬದೆ ಬಂದೆ, ಆದರೆ ಕರಪತ್ರ ಇನ್ನೂ ಬ್ಯಾಗಿನಲ್ಲಿದೆ.

ನನ್ನ ತಿರುಗಾಟ ಹೀಗಿದೆ. ಕಚೇರಿಯ ಕೆಲಸಕ್ಕೆ ತಿಂಗಳಿಗೆ ಎರಡು ಸಲ ರಾತ್ರಿ ರೈಲಿನ ಥರ್ಡ್ ಎಸಿಯಲ್ಲಿ ಬೆಂಗಳೂರಿಗೆ ಹೋಗಿಬರುತ್ತೇನೆ. ಟಿಕೆಟ್ಟಿಗೆ ತಿಂಗಳಿಗೆ ಸುಮಾರು 4,000 ರೂಪಾಯಿ ನನ್ನ ಕೈಯಿಂದ ಹೋಗುತ್ತದೆ, ಕಚೇರಿಯವರು ಆಮೇಲೆ ಕೊಡುತ್ತಾರೆ. ವರ್ಷಕ್ಕೊಂದೆರಡು ಸಲ ಸಾಂಬ್ರಾದಿಂದ ವಿಮಾನ ಹತ್ತುವುದುಂಟು. ಕಿರಾಣಿ, ಪೆಟ್ರೋಲು, ತಾಯಿಯವರ ಔಷಧಿ ಎಲ್ಲ ಸೇರಿ ತಿಂಗಳಿಗೆ 15,000 ರೂಪಾಯಿಯಷ್ಟು ಖರ್ಚನ್ನು ಕಾರ್ಡಿಗೆ ಹಾಕಬಹುದು. ವಿಟಿಯುದಲ್ಲಿ ಎಂಜಿನಿಯರಿಂಗ್ ಮುಗಿಸಿದ ತಂಗಿ ಮುಂದಿನ ವರ್ಷ ಜರ್ಮನಿಗೆ ಓದಲು ಹೋಗುವವಳಿದ್ದಾಳೆ. ಹೀಗಿರುವಾಗ ಯಾವ ಬಗೆಯ ಕಾರ್ಡ್ ನನಗೆ ಸರಿಹೋದೀತು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಬ್ಯಾಂಕ್ ನೌಕರ, ವಿಜಯಪುರ

ಅರ್ಜಿ ತುಂಬದೆ ಬಂದದ್ದು ಒಳ್ಳೆಯದೇ ಆಯಿತು. ಆ ಹುಡುಗ ಸುಳ್ಳು ಹೇಳಿರಲಾರ. ಆದರೆ ಪಾಯಿಂಟ್ ಎಂಬುದು ರೂಪಾಯಿ ಅಲ್ಲ ಎಂಬ ಮಾತನ್ನು ಕರಪತ್ರದ ಮುಖಪುಟದಲ್ಲಿ ಯಾರೂ ಅಚ್ಚು ಹಾಕಿಸುವುದಿಲ್ಲ. ಒಂದು ಪಾಯಿಂಟಿಗೆ ಎಷ್ಟು ಪೈಸೆ ಎಂಬುದನ್ನು ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಹುಡುಕಿ. ಅದು 25 ಪೈಸೆ ಎಂದಿಟ್ಟುಕೊಂಡರೆ 150 ರೂಪಾಯಿ ಖರ್ಚಿಗೆ ತಮಗೆ ಮರಳಿ ಬರುವುದು ಒಂದು ರೂಪಾಯಿ, ಅಂದರೆ ಶೇಕಡಾ 0.67. ಹತ್ತು ಸಾವಿರ ಪಾಯಿಂಟ್ ಎಂದರೆ 2,500 ರೂಪಾಯಿ, ಅದೂ ಮೊದಲ ಕೆಲವು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಲೇಬೇಕೆಂಬ ಷರತ್ತಿಗೆ ಒಳಪಟ್ಟು ಬರುವುದೇ ಹೆಚ್ಚು.

ಈಗ ತಾವೇ ಕೊಟ್ಟ ಅಂಕಿಗಳನ್ನು ಹಿಡಿಯೋಣ. ತಿಂಗಳಿಗೆ 19,000 ಎಂದರೆ ವರ್ಷಕ್ಕೆ 2,28,000 ರೂಪಾಯಿ. ಅದಕ್ಕೆ ಶೇಕಡಾ 0.67ರಂತೆ ಬರುವುದು 1,520 ರೂಪಾಯಿ. ಶುಲ್ಕ 3,000 ಎಂದು ಬರೆದಿದ್ದರೂ ಶೇಕಡಾ 18ರ ಜಿಎಸ್‌ಟಿ ಸೇರಿ ತಾವು ಕಟ್ಟುವುದು 3,540. ಶುಲ್ಕ ಮಾಫಿಯಾಗಬೇಕಾದರೆ ಇನ್ನೂ 72,000 ರೂಪಾಯಿ ಖರ್ಚು ಮಾಡಬೇಕು. 3,540 ಉಳಿಸುವ ಸಲುವಾಗಿ ಬೇಡದ 72,000 ಖರ್ಚು ಮಾಡಿದವರನ್ನು ನಾನು ಕೌಂಟರಿನ ಆಚೆ ಕುಳಿತು ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ಲೆಕ್ಕದ ಮಾಸ್ತರರೂ ಇದ್ದರು.

ಆದ್ದರಿಂದ ಮೊದಲ ಕಾರ್ಡಿಗೆ ಶುಲ್ಕ ಇರಬಾರದು, ಇಲ್ಲವೇ ಐನೂರರ ಆಸುಪಾಸಿನಲ್ಲಿರಬೇಕು. ಮೊದಲ ಒಂದೆರಡು ವರ್ಷ ಆ ಕಾರ್ಡ್ ಮಾಡಬೇಕಾದ ದೊಡ್ಡ ಕೆಲಸ ತಮ್ಮ ಕ್ರೆಡಿಟ್ ಸ್ಕೋರ್, ಅಂದರೆ ಸಾಲ ತೀರಿಸುವ ಶಿಸ್ತಿಗೆ ಸಿಗುವ ಅಂಕವನ್ನು ಬೆಳೆಸುವುದು. ಸ್ಕೋರು 300ರಿಂದ 900ರವರೆಗೆ ಇರುತ್ತದೆ. 750 ದಾಟಿದವರನ್ನು ಬ್ಯಾಂಕುಗಳು ಸಾಮಾನ್ಯವಾಗಿ ಒಳ್ಳೆಯ ಗಿರಾಕಿಗಳೆಂದು ಎಣಿಸುತ್ತವೆ. ಬೈಕಿನ ಕಂತು ತಪ್ಪದೆ ಕಟ್ಟಿದ್ದರೆ ಅದು ಈಗಾಗಲೇ ತಮ್ಮ ಪರವಾಗಿ ದಾಖಲಾಗಿರುತ್ತದೆ. ಸಿಬಿಲ್ ಸೇರಿದಂತೆ ನಾಲ್ಕೂ ಕ್ರೆಡಿಟ್ ಮಾಹಿತಿ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆಯಾಗಿ ಕೊಡಬೇಕು; ಅದನ್ನು ತರಿಸಿಕೊಂಡು, ಬೈಕಿನ ಸಾಲ ಮುಗಿದಿದೆ ಎಂದು ನಮೂದಾಗಿದೆಯೇ ನೋಡಿ, ಆಮೇಲೆ ಒಂದೇ ಒಂದು ಕಡೆ ಅರ್ಜಿ ಹಾಕಿ. ಒಂದೇ ತಿಂಗಳಲ್ಲಿ ನಾಲ್ಕು ಬ್ಯಾಂಕುಗಳ ಬಾಗಿಲು ತಟ್ಟಿದರೆ ಆ ನಾಲ್ಕೂ ವಿಚಾರಣೆಗಳು ವರದಿಯಲ್ಲಿ ಉಳಿದು ಸ್ಕೋರು ಕುಗ್ಗುತ್ತದೆ.

ಮೊದಲ ವರ್ಷ ಪುಕ್ಕಟೆ ಎಂದು ತೆಗೆದುಕೊಂಡು ಆಮೇಲೆ ಬೇಡವೆನಿಸಿದರೆ ಏನು ಗತಿ ಎಂಬ ಅಂಜಿಕೆಯೂ ಬೇಡ. ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ, ಬಾಕಿಯೆಲ್ಲ ತೀರಿಸಿ ಕಾರ್ಡ್ ಮುಚ್ಚಲು ಕೇಳಿದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ತಮಗೆ ದಂಡ ತೆರಬೇಕು.

ಉತ್ತರ 2: ಟಿಳಕವಾಡಿ, ಬೆಳಗಾವಿ

ಹಿರಿಯರು ಹೇಳಿದ ಲೆಕ್ಕವನ್ನು ಒಪ್ಪುತ್ತಲೇ ಒಂದು ಮಾತು ಸೇರಿಸುತ್ತೇನೆ. ಪ್ರಯಾಣದ ಕಾರ್ಡ್ ಎಂದೊಡನೆ ನಾವು ವಿಮಾನವನ್ನೇ ಕಣ್ಮುಂದೆ ತಂದುಕೊಳ್ಳುತ್ತೇವೆ. ತಮ್ಮ ಪ್ರಯಾಣವೋ ಮುಕ್ಕಾಲು ಪಾಲು ರೈಲಿನದು. ಹಾಗಿದ್ದ ಮೇಲೆ ಐಆರ್‌ಸಿಟಿಸಿಯ ಹೆಸರಿನಲ್ಲಿ ಬರುವ ಕಾರ್ಡ್‌ಗಳನ್ನು ಮೊದಲು ನೋಡುವುದು ಸಹಜ. ಎಸ್‌ಬಿಐ ಕಾರ್ಡ್, ಬ್ಯಾಂಕ್ ಆಫ್ ಬರೋಡಾ, ಎಚ್‌ಡಿಎಫ್‌ಸಿ ಬ್ಯಾಂಕುಗಳು ಇಂಥವನ್ನು ತಂದಿವೆ. ಎಸ್‌ಬಿಐ ಕಾರ್ಡಿನವರ ಐಆರ್‌ಸಿಟಿಸಿ ಕಾರ್ಡಿನಲ್ಲಿ ಐಆರ್‌ಸಿಟಿಸಿ ತಾಣದಿಂದಲೇ ಎಸಿ ಟಿಕೆಟ್ ಕೊಂಡರೆ ಶೇಕಡಾ 10ರವರೆಗೆ ಪಾಯಿಂಟ್ ರೂಪದಲ್ಲಿ ಮರಳುತ್ತದೆ, ಮತ್ತು ಅಲ್ಲಿ ಒಂದು ಪಾಯಿಂಟಿಗೆ ಒಂದು ರೂಪಾಯಿ. ಫಸ್ಟ್, ಸೆಕೆಂಡ್, ಥರ್ಡ್ ಎಸಿಗಳಲ್ಲದೆ ಎಸಿ ಚೇರ್ ಕಾರ್ ಕೂಡ ಅದರಲ್ಲಿ ಸೇರಿರುವುದರಿಂದ, 2025ರ ಆಗಸ್ಟ್‌ನಲ್ಲಿ ಶುರುವಾದ ಬೆಂಗಳೂರು–ಬೆಳಗಾವಿ ವಂದೇ ಭಾರತ್‌ನಲ್ಲಿ ಹಗಲು ಹೊತ್ತು ಹೋದರೂ ಲಾಭ ತಪ್ಪುವುದಿಲ್ಲ. ತಮ್ಮ 48,000 ರೂಪಾಯಿಯ ವಾರ್ಷಿಕ ಟಿಕೆಟ್ ಖರ್ಚಿಗೆ ಪೂರ್ತಿ ಹತ್ತು ಸಿಕ್ಕದೆ ಅರ್ಧವೇ ಸಿಕ್ಕರೂ 2,400 ರೂಪಾಯಿ ಆಯಿತು. ಕರಪತ್ರದ ಕಾರ್ಡು ಇಡೀ ವರ್ಷದ ಎಲ್ಲ ಖರ್ಚಿಗೆ ಕೊಡುವುದಕ್ಕಿಂತ ಇದು ಹೆಚ್ಚು.

ಇದರ ಮಿತಿಗಳೂ ಇವೆ. ಸ್ಲೀಪರ್ ಟಿಕೆಟ್ಟಿಗೆ ಈ ಹೆಚ್ಚಿನ ದರ ಇಲ್ಲ. ಟಿಕೆಟ್ ರದ್ದು ಮಾಡಿದರೆ ಬಂದ ಪಾಯಿಂಟ್ ಹಿಂದಕ್ಕೆ ಹೋಗುತ್ತದೆ. ಕಿರಾಣಿ, ಔಷಧಿಗೆ ಸಿಗುವುದು ಅಲ್ಪ. ಕೂಡಿದ ಪಾಯಿಂಟನ್ನು ಮುಖ್ಯವಾಗಿ ಟಿಕೆಟ್ಟಿಗೇ ಬಳಸಬೇಕು, ಅದು ತಮಗೆ ತೊಂದರೆಯಲ್ಲ.

ಲಾಂಜ್ ವಿಷಯದಲ್ಲಿ ಮೋಹ ಕಡಿಮೆ ಮಾಡಿಕೊಳ್ಳಿ. ವರ್ಷಕ್ಕೆ ಎರಡು ಸಲ ವಿಮಾನ ಹತ್ತುವವರಿಗೆ ಅದು ಎರಡು ಪ್ಲೇಟ್ ಉಪ್ಪಿಟ್ಟಿನ ಬೆಲೆ. ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಸಾವಿರ ಖರ್ಚು ಮಾಡಿದ್ದರೆ ಮಾತ್ರ ಮುಂದಿನ ಮೂರು ತಿಂಗಳು ಒಳಗೆ ಬಿಡುತ್ತೇವೆ ಎಂಬ ನಿಯಮವನ್ನು ಈಗ ಅನೇಕ ಕಾರ್ಡ್‌ಗಳು ತಂದಿವೆ.

ಒಂದೇ ವಿಮಾನ ಕಂಪನಿಯ ಹೆಸರಿನ ಕಾರ್ಡನ್ನು ನಮ್ಮ ಊರಿನವರು ಮೊದಲ ಕಾರ್ಡಾಗಿ ತೆಗೆದುಕೊಳ್ಳುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಉಡಾನ್ ಯೋಜನೆಯಡಿ ಸಾಂಬ್ರಾದಿಂದ ಶುರುವಾದ ಮಾರ್ಗಗಳಲ್ಲಿ ಕೆಲವು ಆಮೇಲೆ ನಿಂತುಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. ಮಾರ್ಗದ ಮಾತಿರಲಿ, ಕಂಪನಿಗಳೇ ಉಳಿಯುವುದಿಲ್ಲ: ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿತು, ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾಯಿತು. ಪಾಯಿಂಟ್ ಕೂಡಿಹಾಕಿ ಐದು ವರ್ಷದ ಮೇಲೆ ಸಿಂಗಪುರಕ್ಕೆ ಹೋಗುತ್ತೇನೆ ಎನ್ನುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ.

ಉತ್ತರ 3: ನವನಗರ, ಬಾಗಲಕೋಟೆ

ನಾನು ಇಳಕಲ್ ಸೀರೆಗಳ ಸಣ್ಣ ಅಂಗಡಿ ನಡೆಸುತ್ತೇನೆ. ಪಗಾರದ ಚೀಟಿ ಇಲ್ಲದ ಕಾರಣ ನನ್ನ ಮೊದಲ ಅರ್ಜಿ ತಿರಸ್ಕೃತವಾಯಿತು. ಬ್ಯಾಂಕಿನವರೇ ಹೇಳಿಕೊಟ್ಟಂತೆ 50,000 ರೂಪಾಯಿ ಎಫ್‌ಡಿ ಇಟ್ಟು, ಅದರ ಆಧಾರದ ಮೇಲೆ 40,000 ರೂಪಾಯಿ ಮಿತಿಯ ಕಾರ್ಡ್ ಪಡೆದೆ. ಎಫ್‌ಡಿಗೆ ಬಡ್ಡಿಯೂ ಬರುತ್ತಿತ್ತು, ಕಾರ್ಡೂ ನಡೆಯುತ್ತಿತ್ತು. ಯಾರಿಗಾದರೂ ಅರ್ಜಿ ತಿರಸ್ಕೃತವಾದರೆ ಎದೆಗುಂದದೆ ಈ ದಾರಿ ಹಿಡಿಯಬಹುದು.

ನಾನು ಬರೆಯಬೇಕೆಂದದ್ದು ಬೇರೆ ವಿಷಯ. ಅತ್ತೆ ಮಾವನವರ ಕಾಶಿಯಾತ್ರೆಗೆಂದು ಅಕ್ಟೋಬರ್ 5ರಂದು 22,800 ರೂಪಾಯಿಯ ವಿಮಾನದ ಟಿಕೆಟ್ಟನ್ನು ಕಾರ್ಡಿನಲ್ಲಿ ತೆಗೆಸಿದೆ. 20ರಂದು ಬಿಲ್ಲು ಬಂತು. ಕಟ್ಟಲು ನವೆಂಬರ್ 10ರವರೆಗೆ ಗಡುವು. ಬಿಲ್ಲಿನಲ್ಲಿ ಎರಡು ಅಂಕಿಗಳಿದ್ದವು: ಒಟ್ಟು ಬಾಕಿ 22,800, ಕನಿಷ್ಠ ಬಾಕಿ 1,140. ದೀಪಾವಳಿಯ ಮಾಲಿಗೆ ಹಣ ಸಿಕ್ಕಿಕೊಂಡಿತ್ತು. ಕನಿಷ್ಠ ಕಟ್ಟಿದರೆ ದಂಡವಿಲ್ಲ ಎಂದು ಓದಿ, ಬಡ್ಡಿಯೂ ಇಲ್ಲವೆಂದೇ ತಿಳಿದು 1,140 ಕಟ್ಟಿ ನಿಶ್ಚಿಂತಳಾಗಿದ್ದೆ. ಮುಂದಿನ ಬಿಲ್ಲಿನಲ್ಲಿ ಬಡ್ಡಿ ಮತ್ತು ಅದರ ಮೇಲಿನ ಜಿಎಸ್‌ಟಿ ಸೇರಿ ಸುಮಾರು 1,400 ರೂಪಾಯಿ ಬಿದ್ದಿತ್ತು. ತಿಂಗಳಿಗೆ ಶೇಕಡಾ 3.5ರ ಬಡ್ಡಿಯನ್ನು ಗಡುವಿನ ದಿನದಿಂದಲ್ಲ, ಟಿಕೆಟ್ ಕೊಂಡ ದಿನದಿಂದಲೇ ಹಚ್ಚುತ್ತಾರೆ. ನಾನು ಕಟ್ಟಿದ್ದಕ್ಕಿಂತ ಹೆಚ್ಚು ಹಣ ಬಡ್ಡಿಗೇ ಹೋಯಿತು. ಹಳೆಯದು ಪೂರ್ತಿ ತೀರುವವರೆಗೆ ಹೊಸದಾಗಿ ಕೊಂಡ ಕಿರಾಣಿ ಸಾಮಾನಿಗೂ ಬಡ್ಡಿರಹಿತ ದಿನಗಳು ಸಿಗಲಿಲ್ಲ. ಆ ಟಿಕೆಟ್ಟಿನಿಂದ ಬಂದ ಪಾಯಿಂಟಿನ ಬೆಲೆ ನೂರೈವತ್ತು ರೂಪಾಯಿಯೂ ಇರಲಿಲ್ಲ.

ಹೀಗಾಗಿ ತಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ: ಕಚೇರಿಯವರು ಟಿಕೆಟ್ಟಿನ ಹಣವನ್ನು ಎಷ್ಟು ದಿನಕ್ಕೆ ಕೊಡುತ್ತಾರೆ? ಬಿಲ್ಲಿನ ಗಡುವಿಗಿಂತ ತಡವಾಗಿ ಕೊಡುವುದಾದರೆ ಆ ಹಣ ಮೊದಲೇ ತಮ್ಮ ಖಾತೆಯಲ್ಲಿ ಇರಬೇಕು. ಮತ್ತೆ, ರುಪೇ ಕಾರ್ಡ್ ಆದರೆ ಅದನ್ನು ಯುಪಿಐಗೆ ಜೋಡಿಸಿ ಅಂಗಡಿಯ ಕ್ಯೂಆರ್‌ಗೆ ಪಾವತಿಸಬಹುದು. ಊರಲ್ಲಿ ಸ್ವೈಪ್ ಯಂತ್ರ ಇಲ್ಲದ ಕಿರಾಣಿ ಅಂಗಡಿಗಳೇ ಹೆಚ್ಚಿರುವುದರಿಂದ ಇದು ಉಪಯೋಗಕ್ಕೆ ಬರುತ್ತದೆ. ಯುಪಿಐ ಮೂಲಕ ಮಾಡಿದ ಖರ್ಚಿಗೆ ಪಾಯಿಂಟ್ ಕೊಡದ ಕಾರ್ಡ್‌ಗಳೂ ಇವೆ. ಪೆಟ್ರೋಲಿಗಂತೂ ಬಹಳಷ್ಟು ಕಾರ್ಡ್‌ಗಳಲ್ಲಿ ಪಾಯಿಂಟ್ ಇರುವುದಿಲ್ಲ.

ಪ್ರಶ್ನೆ ಕೇಳಿದವರು: ಉದ್ಯಮಬಾಗ್, ಬೆಳಗಾವಿ

ಮೂವರಿಗೂ ಕೃತಜ್ಞತೆಗಳು. ಅಕ್ಕಾವರೇ, ತಮ್ಮ ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿತು. ಹಳೆಯ ಸಂದೇಶಗಳನ್ನು ತೆಗೆದು ನೋಡಿದೆ: ಜೂನ್ ತಿಂಗಳ ಟಿಕೆಟ್ಟಿನ ಹಣ ಆಗಸ್ಟ್ 18ರಂದು ಜಮೆಯಾಗಿದೆ. ಎರಡು ತಿಂಗಳ ಟಿಕೆಟ್ಟಿನ ಮೊತ್ತ, ಅಂದರೆ 8,000 ರೂಪಾಯಿಯನ್ನು ಬೇರೆ ಖಾತೆಯಲ್ಲಿ ಇಟ್ಟುಕೊಂಡೇ ಶುರು ಮಾಡುತ್ತೇನೆ. ಸ್ವಂತ ಕಾರ್ಡಿನಲ್ಲಿ ಟಿಕೆಟ್ ತೆಗೆಸಿ ಪಾಯಿಂಟ್ ಇಟ್ಟುಕೊಳ್ಳಬಹುದೇ ಎಂದು ಲೆಕ್ಕಪತ್ರ ವಿಭಾಗದವರನ್ನೂ ಕೇಳಿದೆ. ಬಿಲ್ಲು ಸರಿಯಾಗಿ ಕೊಟ್ಟರೆ ಸಾಕು ಎಂದರು.

ಜರ್ಮನಿಯ ವಿಷಯವೊಂದು ಉಳಿಯಿತು. ಇದೇ ಕಾರ್ಡಿನ ಮೇಲೆ ತಂಗಿಗೊಂದು ಹೆಚ್ಚುವರಿ ಕಾರ್ಡ್ ಮಾಡಿಸಿ ಕಳಿಸಿದರೆ ಹೇಗೆ?

ಉತ್ತರ: ನಿವೃತ್ತ ಬ್ಯಾಂಕ್ ನೌಕರ, ವಿಜಯಪುರ

ದಿನನಿತ್ಯದ ಖರ್ಚಿಗೆ ಬೇಡ. ವಿದೇಶಿ ಹಣದಲ್ಲಿ ಮಾಡಿದ ಪಾವತಿಗೆ ಸಾಮಾನ್ಯ ಕಾರ್ಡ್‌ಗಳು ಶೇಕಡಾ 3.5ರಷ್ಟು ಮಾರ್ಕಪ್ (ಹೆಚ್ಚುವರಿ ಶುಲ್ಕ) ಹಾಕುತ್ತವೆ, ಅದರ ಮೇಲೆ ಮತ್ತೆ ಜಿಎಸ್‌ಟಿ. ಒಂದು ಲಕ್ಷ ರೂಪಾಯಿ ಖರ್ಚಿಗೆ 4,130 ರೂಪಾಯಿ ಸುಮ್ಮನೆ ಹೋಯಿತು. ಹೆಚ್ಚುವರಿ ಕಾರ್ಡಿನ ಖರ್ಚೆಲ್ಲ ತಮ್ಮ ಮಿತಿಯಲ್ಲೇ ಕಳೆಯುತ್ತದೆ, ಬಾಕಿ ತಪ್ಪಿದರೆ ಸ್ಕೋರು ಇಳಿಯುವುದೂ ತಮ್ಮದೇ. ಮಾರ್ಕಪ್ ಶೇಕಡಾ 2ರ ಆಸುಪಾಸಿನಲ್ಲಿರುವ, ಅಥವಾ ಇಲ್ಲವೇ ಇಲ್ಲದ ಕಾರ್ಡ್‌ಗಳೂ ಉಂಟು. ಒಂದು ವರ್ಷ ಬಿಲ್ಲುಗಳನ್ನು ಪೂರ್ತಿಯಾಗಿ ಕಟ್ಟಿದ ಮೇಲೆ ಅಂಥದೊಂದಕ್ಕೆ ಅರ್ಜಿ ಹಾಕಿದರೆ ಸಿಗುವ ಸಂಭವ ಹೆಚ್ಚು. ಅಲ್ಲಿಯವರೆಗೆ ತಂಗಿಯವರು ಫಾರೆಕ್ಸ್ ಕಾರ್ಡ್ (ಮೊದಲೇ ವಿದೇಶಿ ಹಣ ತುಂಬಿಸಿಟ್ಟ ಕಾರ್ಡ್) ಒಯ್ಯಲಿ, ಅಲ್ಲಿ ಖಾತೆ ತೆರೆದ ಮೇಲೆ ಅದರ ಕೆಲಸವೂ ಕಡಿಮೆಯಾಗುತ್ತದೆ.

ಅವರಿಗೆ ಒಂದನ್ನು ಮಾತ್ರ ಹೇಳಿ ಕಳಿಸಿ. ಅಲ್ಲಿನ ಅಂಗಡಿಯ ಯಂತ್ರ ಭಾರತದ ಕಾರ್ಡನ್ನು ಗುರುತಿಸಿ "ರೂಪಾಯಿಯಲ್ಲಿ ಪಾವತಿಸುವಿರಾ, ಯೂರೋದಲ್ಲಿ ಪಾವತಿಸುವಿರಾ" ಎಂದು ಕೇಳಿದರೆ ಯೂರೋವನ್ನೇ ಒತ್ತಬೇಕು. ರೂಪಾಯಿಯ ಅಂಕಿ ಪರಿಚಿತವೆಂದು ಒತ್ತಿದರೆ ಆ ಯಂತ್ರದವರು ಹಾಕುವ ವಿನಿಮಯ ದರ ಬಹುಮಟ್ಟಿಗೆ ದುಬಾರಿಯಾಗಿರುತ್ತದೆ, ಮತ್ತು ಸಹಿ ಮಾಡಿದ ಮೇಲೆ ಅದನ್ನು ತಿರುಗಿಸುವುದು ಕಷ್ಟ.