ಪದಚರ್ಚೆ: ‘ಎರವಲು’ ಸರಿಯಾ, ‘ಕಡ’ ಸರಿಯಾ? ಜೊತೆಗೆ ಸೂಚಿಯೊಳಗಿನ ಮೂರು ಮಂಗಗಳು

ಗೆಳೆಯರೇ, ನಮಸ್ಕಾರ.

ನಾಲ್ಕೈದು ಪದಗಳ ವಿಚಾರದಲ್ಲಿ ನಿಮ್ಮ ಸಹಾಯ ಬೇಕು. ನಮ್ಮೂರಿನ ಒಂದು ಆಸ್ಪತ್ರೆಯ ಪಕ್ಕ ಚಿಕ್ಕದೊಂದು ಆರೋಗ್ಯ ಗ್ರಂಥಾಲಯ ಇದೆ. ಡಾಕ್ಟರುಗಳು, ನರ್ಸಿಂಗ್ ಓದುವ ಹುಡುಗಿಯರು, ರೋಗಿಗಳ ಮನೆಯವರು ಎಲ್ಲರೂ ಬರುತ್ತಾರೆ. ನಾನು ವಾರಕ್ಕೆ ಎರಡು ಮಧ್ಯಾಹ್ನ ಅಲ್ಲಿ ಕೂರುತ್ತೇನೆ. ಬಾಗಿಲ ಬಳಿಯ ಬೋರ್ಡು, ಕೈಗೆ ಕೊಡುವ ನಿಯಮದ ಹಾಳೆ, ಕಂಪ್ಯೂಟರಿನಲ್ಲಿರುವ ಪುಸ್ತಕಗಳ ಸೂಚಿ, ಈ ಮೂರನ್ನೂ ಕನ್ನಡದಲ್ಲಿ ಸರಿಮಾಡುವ ಕೆಲಸ ಈಗ ನನ್ನ ತಲೆಗೆ ಬಂದಿದೆ. ಈಗಲೂ ಅಲ್ಲಿ ಕನ್ನಡ ಇಲ್ಲ ಅಂತಲ್ಲ. ಓದಿದವರು ಮತ್ತೆ ಕೌಂಟರಿಗೆ ಬಂದು “ಅಲ್ಲೇನು ಬರೆದಿದೆ ಅಮ್ಮ?” ಅಂತ ಕೇಳುವಂಥ ಕನ್ನಡ ಇದೆ.

ಬೋರ್ಡಿನ ಮೊದಲ ಸಾಲು ಹೀಗಿದೆ: ‘ಪರಾಮರ್ಶನ ಗ್ರಂಥಗಳನ್ನು ಎರವಲು ನೀಡಲಾಗುವುದಿಲ್ಲ.’ ಮೊನ್ನೆ ಒಬ್ಬ ಹಿರಿಯರು ಅದರ ಮುಂದೆ ನಿಂತರು. ಕನ್ನಡಕ ಹಣೆಗೇರಿಸಿದರು, ಮತ್ತೆ ಮೂಗಿಗಿಳಿಸಿದರು. ಕೊನೆಗೆ ನನ್ನ ಹತ್ತಿರ ಬಂದು, “ಎರವಲು ಅಂದ್ರೆ ಬಾಡಿಗೇನಾ? ದಿನಕ್ಕೆ ಎಷ್ಟು?” ಅಂದರು. ಪದ ಗೊತ್ತಿಲ್ಲದವರೇನಲ್ಲ. ಮಾತಾಡುತ್ತಾ ಅವರೇ, “ನಮ್ಮ ತಂಗಿ ಮದುವೆಗೆ ಅವಲಕ್ಕಿ ಸರ ಎರವಲು ತಂದಿದ್ವಿ” ಅಂದರು. ಸರಕ್ಕೆ ಹೊಂದಿದ ಮಾತು ಪುಸ್ತಕಕ್ಕೆ ಬಂದಾಗ ಅವರಿಗೆ ಹೊಳೆಯಲಿಲ್ಲ, ಅಷ್ಟೆ.

ಅಲ್ಲಿಂದ ನನ್ನ ತಲೆಯಲ್ಲಿ ಹುಳ ಹೊಕ್ಕಿದೆ. ನಮ್ಮ ಮನೆಯಲ್ಲಿ ಅಮ್ಮನ ಕಾಲದಿಂದಲೂ ‘ಕಡ’ ಬೇರೆ, ‘ಎರವಲು’ ಬೇರೆ. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದರೆ ಅದು ಕಡ. ಆ ಸಕ್ಕರೆ ಕಾಫಿಯಲ್ಲಿ ಕರಗಿಹೋಯಿತು, ವಾಪಸು ಕೊಡುವುದು ಬೇರೆ ಸಕ್ಕರೆ. ಅದೇ ಮನೆಯಿಂದ ಚಕ್ಕುಲಿ ಒರಳು ತಂದರೆ ಅದು ಎರವಲು. ಅದೇ ಒರಳು, ತೊಳೆದು, ಹಾಗೇ ಮರಳಬೇಕು. ದುಡ್ಡಾದರೆ ಕೈಗಡ ಅಥವಾ ಸಾಲ. ಈ ಲೆಕ್ಕದಲ್ಲಿ ಪುಸ್ತಕಕ್ಕೆ ಎರವಲೇ ಸರಿ, ಅಲ್ವಾ? ಸರ್ಕಾರಿ ನೌಕರರ ‘ಎರವಲು ಸೇವೆ’ಯೂ ಹಾಗೇ. ಬೇರೆ ಇಲಾಖೆಗೆ ಹೋದವರು ಅವಧಿ ಮುಗಿದ ಮೇಲೆ ಅವರೇ ವಾಪಸು ಬರಬೇಕು, ಬದಲಿಗೆ ಇನ್ನೊಬ್ಬರನ್ನು ಕಳಿಸಿದರೆ ಆಗುವುದಿಲ್ಲ. ‘ಎರವಲು ಪದ’ ಒಂದೇ ಇದಕ್ಕೆ ಹೊಂದುವುದಿಲ್ಲ. ಮೇಜು, ಕಾಗದ, ಸಾಬೂನು ಯಾವುದನ್ನೂ ನಾವು ವಾಪಸು ಕೊಟ್ಟಿಲ್ಲ.

ಆದರೆ ಮೈಸೂರು ಕಡೆಯ ನನ್ನ ಸ್ನೇಹಿತೆ ‘ಪುಸ್ತಕ ಕಡ ಕೊಡು’ ಎಂದೇ ಹೇಳುತ್ತಾಳೆ. ಛತ್ರಿಯೂ ಕಡ, ಪೆನ್ನೂ ಕಡ. ಹಾಗಾಗಿ ಮೊದಲ ಪ್ರಶ್ನೆ: ನಿಮ್ಮ ಕಡೆ ಈ ಭೇದ ಉಳಿದಿದೆಯಾ? ಯಾವ ಊರು, ಯಾವ ವಯಸ್ಸಿನವರ ಬಾಯಲ್ಲಿ ಅಂತಲೂ ಬರೆಯಿರಿ.

ಎರಡನೆಯದು ಇದರ ಬಾಲ. ‘ಅವಸರ ಪ್ರಾಣಕ್ಕೆ ಎರವಾಯಿತು’ ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಆ ‘ಎರವು’ ಮತ್ತು ಈ ‘ಎರವಲು’ ಒಂದೇ ಬೇರಿನವಾ? ಅಲ್ಲಿ ಕಳೆದುಕೊಳ್ಳುವ, ದೂರವಾಗುವ ಅರ್ಥ. ಇಲ್ಲಿ ಕೈಗೆ ಬರುವ ಅರ್ಥ. ನಿಘಂಟು ಹಿಡಿದು ಕೂತವರು ಬಿಡಿಸಿ ಹೇಳಿ. ಆಸ್ಪತ್ರೆ ಪಕ್ಕದ ಬೋರ್ಡು ನೋಡಿ. ‘ಎರವು’ ಅಂತ ಮೊಟಕು ಮಾಡೋಣ ಅಂದವರಿಗೆ ನಾನು ಅದಕ್ಕೇ ಬೇಡ ಅಂದೆ.

ಕೌಂಟರಿನ ಈಚೆ ಆಚೆ ಎರಡೂ ಕಡೆ ನಿಜವಾಗಿ ಓಡಾಡುವ ಪದ ‘ಇಶ್ಯೂ’. “ಇದನ್ನ ಇಶ್ಯೂ ಮಾಡ್ಕೊಡಿ”, “ನನ್ನ ಹೆಸರಲ್ಲಿ ಇಶ್ಯೂ ಆಗಿದೆ.” ರಿಟರ್ನ್, ರಿನ್ಯೂ, ಫೈನ್ ಕೂಡ ಅಷ್ಟೇ. ಅವನ್ನು ಹೊಡೆದೋಡಿಸುವ ಹಟ ನನಗಿಲ್ಲ. ಸದ್ಯಕ್ಕೆ ಬೋರ್ಡಿಗೆ ನಾನು ಬರೆದಿಟ್ಟಿರುವುದು ಇದು: ‘ಕೆಂಪು ಚೀಟಿ ಇರುವ ಪುಸ್ತಕ ಇಲ್ಲೇ ಓದಿ. ಉಳಿದವನ್ನು ಮನೆಗೆ ಒಯ್ಯಬಹುದು. ಒಬ್ಬರಿಗೆ ಎರಡು ಪುಸ್ತಕ, 14 ದಿನ.’ ಇದರಲ್ಲಿ ಪರಾಮರ್ಶನವೂ ಇಲ್ಲ, ಎರವಲೂ ಇಲ್ಲ. ಎರವಲು ಪದವನ್ನು ಇಷ್ಟು ಹೊಗಳಿ ಕೊನೆಗೆ ಕೈಬಿಟ್ಟೆನಾ ಅಂತ ನನಗೇ ಮುಜುಗರ.

‘ನವೀಕರಣ’ದ ಬಗ್ಗೆ ಜಾಸ್ತಿ ಹೇಳಲ್ಲ. ದೇವಸ್ಥಾನ ನವೀಕರಿಸುತ್ತಾರೆ, ಲೈಸೆನ್ಸ್ ನವೀಕರಿಸುತ್ತಾರೆ. ‘ಪುಸ್ತಕವನ್ನು ನವೀಕರಿಸಿಕೊಳ್ಳಿ’ ಅಂದರೆ ಹೊಸ ರಟ್ಟು ಹಾಕಿಸಿ ತರಬೇಕೇನೋ ಅನ್ನಿಸುತ್ತದೆ. ‘ಇನ್ನೂ ಬೇಕಿದ್ದರೆ ದಿನ ಮುಂದಕ್ಕೆ ಹಾಕಿಸಿಕೊಳ್ಳಿ’ ಸಾಕು. ‘ಗಡುವು’ ಬೆದರಿಸಿದ ಹಾಗಿರುತ್ತದೆ. ‘ದಂಡ’ ಇನ್ನೂ ಕಷ್ಟ. ಮನೆಯಲ್ಲಿ ಸಾವಾದವರು ತಿಂಗಳು ತಡವಾಗಿ, ಪುಸ್ತಕಕ್ಕೆ ಪೇಪರ್ ಹೊದಿಸಿ ತಂದು ಮೇಜಿನ ಮೇಲಿಟ್ಟಾಗ ಆ ಪದ ಬಾಯಿಗೆ ಬರುವುದಿಲ್ಲ. ‘ತಡವಾದ್ದಕ್ಕೆ ದಿನಕ್ಕೆ ಇಷ್ಟು’ ಅಂತ ಬರೆದು ಕೈತೊಳೆದುಕೊಂಡಿದ್ದೇನೆ.

ಓದುವ ಹುಡುಗಿಯರಿಗೆ ಇನ್ನೊಂದು ಪದ್ಧತಿ ಇದೆ. ದಪ್ಪ ಪಠ್ಯಪುಸ್ತಕವನ್ನು ಸಂಜೆ ಒಯ್ದು ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ತಂದುಕೊಡುವುದು. ಅವರು ‘ಓವರ್‌ನೈಟ್’ ಅನ್ನುತ್ತಾರೆ. ‘ರಾತ್ರಿ ಎರವಲು’ ಅಂತ ಬರೆದರೆ ನಗುತ್ತಾರೆ, ನಾನೂ ನಕ್ಕೆ. ಒಂದು ಒಳ್ಳೆಯ ಪದ ಕೊಡಿ.

‘ಕರೆ ಸಂಖ್ಯೆ’ ಮಾತ್ರ ಹೋಗಲೇಬೇಕು. ಪುಸ್ತಕದ ಬೆನ್ನಿನ ಮೇಲೆ ಅದು ಯಾವ ಕಪಾಟಿನಲ್ಲಿ ಎಲ್ಲಿ ಕೂರಬೇಕು ಅಂತ ಗುರುತು ಇರುತ್ತದಲ್ಲ, ಅದು. ಸೂಚಿಯಲ್ಲಿ ‘ಕರೆ ಸಂಖ್ಯೆ: ಡಬ್ಲ್ಯುಕೆ 810’ ಎಂದು ಕಂಡ ಒಬ್ಬರು, “ಇದಕ್ಕೆ ಫೋನ್ ಮಾಡಿದ್ರೆ ಪುಸ್ತಕ ಕಳಿಸ್ತಾರಾ?” ಎಂದು ಕೇಳಿದರು. ಅವರ ತಪ್ಪಿಲ್ಲ. ಕನ್ನಡದಲ್ಲಿ ‘ಕರೆ’ ಇವತ್ತು ಫೋನಿನದೇ. ಈ ಡಬ್ಲ್ಯುಕೆ 810 ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ವಿಂಗಡಣೆಯಿಂದ ಬಂದದ್ದು. ಅದರಲ್ಲಿ ವೈದ್ಯಕೀಯಕ್ಕೆಲ್ಲ ಡಬ್ಲ್ಯು ಅಕ್ಷರ. ಡಬ್ಲ್ಯುಜಿ ಹೃದಯ ರಕ್ತನಾಳ, ಡಬ್ಲ್ಯುಎಲ್ ನರಮಂಡಲ, ಡಬ್ಲ್ಯುಎಸ್ ಮಕ್ಕಳ ಕಾಯಿಲೆ, ಡಬ್ಲ್ಯುಕೆ 810 ಅಂದರೆ ಸಕ್ಕರೆ ಕಾಯಿಲೆ. ಸಾಮಾನ್ಯ ಗ್ರಂಥಾಲಯಗಳ ಡ್ಯೂಯಿ ಪದ್ಧತಿಯಲ್ಲಿ ಇದೆಲ್ಲ 610ರ ಒಳಗೆ ತುರುಕಿಕೊಂಡಿರುತ್ತದೆ. ವೈದ್ಯಕೀಯ ಪುಸ್ತಕವೇ ತುಂಬಿರುವ ಕಡೆ ಅಷ್ಟು ಜಾಗ ಸಾಲುವುದಿಲ್ಲ. ನಾನು ‘ಕಪಾಟಿನ ಗುರುತು’ ಅಂತ ಇಟ್ಟಿದ್ದೇನೆ. ‘ತಾಣಸಂಖ್ಯೆ’ ಅಂತಲೂ ಒಬ್ಬರು ಹೇಳಿದರು. ನನಗೆ ಅದು ವೆಬ್‌ಸೈಟ್ ನೆನಪಿಸುತ್ತದೆ.

ಈಗ ಸೂಚಿಗೆ ಬರುತ್ತೇನೆ. ನಿಜವಾದ ಪೇಚಾಟ ಇಲ್ಲಿದೆ.

ಒಂದು ಮಧ್ಯಾಹ್ನ ಸಾಗರದ ಕಡೆಯ ಹೆಂಗಸೊಬ್ಬರು ಬಂದರು. ಯಜಮಾನರಿಗೆ ಬಲಗೈ ಎತ್ತಲು ಆಗುತ್ತಿಲ್ಲ, ಮನೆಯಲ್ಲೇ ಮಾಡಿಸುವ ವ್ಯಾಯಾಮದ ಪುಸ್ತಕ ಬೇಕು. ಅವರೇ ಕೂತು ‘ಲಕ್ವ’ ಅಂತ ಟೈಪ್ ಮಾಡಿದರು. ಫಲಿತಾಂಶ ಸೊನ್ನೆ. ‘ಲಕ್ವಾ’ ಅಂತ ಉದ್ದ ಎಳೆದು ನೋಡಿದರು, ಸೊನ್ನೆ. ‘ಸ್ಟ್ರೋಕ್’, ಅದೂ ಸೊನ್ನೆ. “ಇಲ್ಲ ಅನ್ನುತ್ತೆ” ಎಂದು ಚೀಲ ಎತ್ತಿಕೊಂಡರು. ಪುಸ್ತಕ ಅವರ ಬೆನ್ನ ಹಿಂದೆಯೇ ಇತ್ತು. ಒಂದಲ್ಲ, ಮೂರು. ಮೂರೂ ‘ಪಾರ್ಶ್ವವಾಯು’ ಎಂಬ ಹೆಸರಿನಡಿ ಕೂತಿದ್ದವು.

ಪಾರ್ಶ್ವವಾಯು ತಪ್ಪು ಪದವಲ್ಲ. ಪುಸ್ತಕಗಳ ಹೊದಿಕೆಯ ಮೇಲೂ ಅದೇ ಇದೆ. ಆದರೆ ಕಾಯಿಲೆ ಬಿದ್ದ ಮನೆಯಲ್ಲಿ ಯಾರೂ ಪಾರ್ಶ್ವವಾಯು ಬಡಿಯಿತು ಎನ್ನುವುದಿಲ್ಲ, ಲಕ್ವ ಹೊಡೀತು ಎನ್ನುತ್ತಾರೆ. ಮಧುಮೇಹಕ್ಕೆ ಶುಗರ್, ಅಪಸ್ಮಾರಕ್ಕೆ ಫಿಟ್ಸ್ ಅಥವಾ ಮೂರ್ಛೆ ರೋಗ. ಕಾಮಾಲೆಗೆ ಉತ್ತರ ಕರ್ನಾಟಕದವರು ಕಾಮಣಿ ಅನ್ನುತ್ತಾರೆ, ಪೇಟೆಯವರು ಜಾಂಡೀಸ್ ಅನ್ನುತ್ತಾರೆ.

ಇಂಗ್ಲಿಷಿನಲ್ಲೂ ಇದೇ ಗೋಳು ಇತ್ತು, ಅವರು ದಾರಿ ಕಂಡುಕೊಂಡರು. ಬೆಥೆಸ್ಡಾದವರು 1960ರಲ್ಲಿ ವೈದ್ಯಕೀಯ ವಿಷಯಗಳ ಹೆಸರುಪಟ್ಟಿ ತಂದರು. ‘ಮೆಶ್’ ಎಂದು ಕರೆಯುತ್ತಾರೆ, ವರ್ಷ ವರ್ಷ ತಿದ್ದುತ್ತಾರೆ. ಒಂದು ವಿಷಯಕ್ಕೆ ಒಂದೇ ಅಧಿಕೃತ ಹೆಸರು. ಬೇರೆ ಹೆಸರುಗಳೆಲ್ಲ ಅದಕ್ಕೆ ದಾರಿ ತೋರಿಸುವ ಕೈಮರಗಳು. ಅಲ್ಲಿ ‘ಹಾರ್ಟ್ ಅಟ್ಯಾಕ್’ ಅಂತ ಹುಡುಕಿದರೆ ಸೂಚಿ ತಾನೇ ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ಗೆ ಒಯ್ಯುತ್ತದೆ. ‘ಕ್ಯಾನ್ಸರ್’ ಅಂದರೆ ‘ನಿಯೋಪ್ಲಾಸಮ್ಸ್’ಗೆ. ಹುಡುಕುವವರಿಗೆ ಡಾಕ್ಟರ ಮಾತು ಬರಬೇಕಿಲ್ಲ. ಕನ್ನಡಕ್ಕೂ ನಾನು ಹೀಗೇ ಮಾಡುತ್ತಿದ್ದೇನೆ. ಪಾರ್ಶ್ವವಾಯು ತಲೆಬರಹವಾಗಿ ಇರಲಿ. ಲಕ್ವ, ಲಕ್ವಾ, ಸ್ಟ್ರೋಕ್, ಪೆರಾಲಿಸಿಸ್ ಎಲ್ಲವೂ ‘ಪಾರ್ಶ್ವವಾಯು ನೋಡಿ’ ಅಂತ ಅಲ್ಲಿಗೆ ಸೇರಲಿ. ತಲೆಬರಹವನ್ನೇ ಆಡುಮಾತಿಗೆ ಬದಲಿಸಿ ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಆಡುಮಾತು ಊರಿಗೊಂದು, ಯಾವ ಊರಿನದನ್ನು ಮೇಲೆ ಕೂರಿಸುವುದು?

ಮಂಗಗಳ ಕಥೆ ಕೇಳಿದರೆ ಗೊತ್ತಾಗುತ್ತದೆ. ನಮ್ಮ ಸೂಚಿಯಲ್ಲಿ ‘ಮಂಗನ’ ಎಂದು ಹೊಡೆಯಿರಿ. ಮೊದಲು ‘ಮಂಗನ ಬಾವು’, ಅಂದರೆ ಮಕ್ಕಳ ಕೆನ್ನೆ ಊದಿಕೊಳ್ಳುವ ಮಂಪ್ಸ್. ಇದಕ್ಕೂ ಮಂಗಕ್ಕೂ ಇರುವ ಸಂಬಂಧ ಮುಖ ಕಾಣುವ ರೀತಿಯದು ಮಾತ್ರ. ಕರಾವಳಿಯವರು ಕೆಪ್ಪಟ್ರಾಯ ಅನ್ನುತ್ತಾರೆ. ಆಮೇಲೆ ‘ಮಂಗನ ಕಾಯಿಲೆ’. ಇದು ಬೇರೆಯೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಲಿನ ಜನರಿಗೆ ಜ್ವರ ಬಂದಾಗ ಪತ್ತೆಯಾದದ್ದು. ವೈರಸ್ಸು ಹರಡುವುದು ಉಣುಗಿನಿಂದ, ಮಂಗ ಪಾಪ ನಮ್ಮ ಹಾಗೇ ಸಾಯುವ ಜೀವಿ. ಮೂರನೆಯದು ‘ಮಂಗನ ಸಿಡುಬು’, ಪತ್ರಿಕೆಗಳು ಮಂಕಿಪಾಕ್ಸ್‌ಗೆ ಕಟ್ಟಿದ ಹೆಸರು. ಅದನ್ನು 2022ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ‘ಎಂಪಾಕ್ಸ್’ ಎಂದು ಬದಲಿಸಿತು. ಮೂರು ಮಂಗ, ಮೂರು ಬೇರೆ ಬೇರೆ ವೈರಸ್ಸು. ಮಗುವಿಗೆ ಕೆನ್ನೆ ಊದಿದೆ ಎಂದು ಹುಡುಕಿದ ತಾಯಿ ಕಾಡಿನ ಜ್ವರದ ಪುಟ ತೆಗೆದು ಹೆದರಿದ್ದನ್ನು ನಾನೇ ನೋಡಿದ್ದೇನೆ.

ಬೆಥೆಸ್ಡಾದ ಹೆಸರುಪಟ್ಟಿಯಲ್ಲಿ ಈ ಜ್ವರದ ಅಧಿಕೃತ ಹೆಸರು ‘ಕ್ಯಾಸನೂರ್ ಫಾರೆಸ್ಟ್ ಡಿಸೀಸ್’. ನಮ್ಮ ಸೊರಬದ ಕಾಡಿನ ಹೆಸರನ್ನು ಅವರು ಎರವಲು ಒಯ್ದು ಇಂಗ್ಲಿಷಿನಲ್ಲಿ ತಲೆಬರಹ ಮಾಡಿಕೊಂಡಿದ್ದಾರೆ. ನಮ್ಮ ಸೂಚಿಯಲ್ಲಿ ಮಾತ್ರ ಕ್ಯಾಸನೂರು ಎಂದು ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಈಗ ‘ಕ್ಯಾಸನೂರು ಕಾಡಿನ ಕಾಯಿಲೆ’ಯನ್ನು ತಲೆಬರಹ ಮಾಡಿ, ಮಂಗನ ಕಾಯಿಲೆಯನ್ನು ಅದಕ್ಕೆ ಕೈಮರ ಮಾಡಬೇಕಾ ಅಂತ ಯೋಚನೆ. ಮಲೆನಾಡಿನವರು ಏನನ್ನುತ್ತೀರಿ?

ಇನ್ನೆರಡು ಸಣ್ಣ ವಿಷಯ. ಹಳೆಯ ಪುಸ್ತಕ ತೆಗೆದುಹಾಕುವುದಕ್ಕೆ ಕಡತದಲ್ಲಿ ‘ವಿಲೇವಾರಿ’ ಅಂತ ಇದೆ. ಕಸಕ್ಕೂ ಅರ್ಜಿಗೂ ಅದೇ ಪದ. ‘ಕಳೆ ಕೀಳುವುದು’ ಅಂದರೆ ಹೇಗೆ? ಆರೋಗ್ಯದ ಪುಸ್ತಕಕ್ಕೆ ಇದು ಹೊಂದುತ್ತದೆ, ಯಾಕೆಂದರೆ ಇಲ್ಲಿ ಹಳೆಯದು ಬರೀ ಜಾಗ ತಿನ್ನುವುದಲ್ಲ, ಹಾನಿಯನ್ನೂ ಮಾಡುತ್ತದೆ. ಹಾವು ಕಚ್ಚಿದ ಜಾಗ ಕೊಯ್ದು ರಕ್ತ ಹೀರಿ ಎನ್ನುವ ಪ್ರಥಮ ಚಿಕಿತ್ಸೆ ಪುಸ್ತಕ ಮೊನ್ನೆಯವರೆಗೂ ನಮ್ಮ ಕಪಾಟಿನಲ್ಲಿತ್ತು. ಹಾಗೆ ಮಾಡಲೇಬಾರದು ಎಂದು ಈಗ ಎಲ್ಲ ಡಾಕ್ಟರೂ ಹೇಳುತ್ತಾರೆ. ಹೃದಯ ನಿಂತವರಿಗೆ ಮೊದಲು ಬಾಯಿಂದ ಉಸಿರು ಕೊಡಿ, ಆಮೇಲೆ ಎದೆ ಒತ್ತಿ ಎನ್ನುವ ಪುಸ್ತಕವೂ ಇತ್ತು. 2010ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಆ ಕ್ರಮವನ್ನೇ ತಿರುಗಿಸಿತು, ಎದೆ ಒತ್ತುವುದು ಮೊದಲು.

ಇನ್ನೊಂದು, ಬರೀ ಕುತೂಹಲಕ್ಕೆ. ನಮ್ಮ ಸೂಚಿ ಓಡುವುದು ‘ಕೋಹಾ’ ಎಂಬ ಉಚಿತ ತಂತ್ರಾಂಶದಲ್ಲಿ. ನ್ಯೂಜಿಲೆಂಡಿನ ಒಂದು ಗ್ರಂಥಾಲಯಕ್ಕಾಗಿ ಮಾಡಿದ್ದು, 2000ದಲ್ಲಿ ಬಳಕೆಗೆ ಬಂತು. ಕೋಹಾ ಮಾವೊರಿ ಭಾಷೆಯ ಪದ. ಉಡುಗೊರೆ ಅಂತ ಅರ್ಥ ಹೇಳುತ್ತಾರೆ. ಆದರೆ ಬರೀ ಉಡುಗೊರೆಯಲ್ಲ, ಬಂದವರು ಮನೆಯವರಿಗೆ ಕೊಡುವುದು, ಮುಂದೆ ಅವರೂ ಹೀಗೆ ಕೊಡುತ್ತಾರೆ ಎಂಬ ಲೆಕ್ಕ ಒಳಗಿರುವುದು. ಓದಿದ ಕೂಡಲೇ ನನಗೆ ಹೊಳೆದದ್ದು ‘ಮುಯ್ಯಿ’. ಅದೂ ನಮ್ಮಲ್ಲಿ ಮುಯ್ಯಿಯನ್ನು ‘ಓದಿಸು’ತ್ತಾರೆ! ಗ್ರಂಥಾಲಯದ ತಂತ್ರಾಂಶಕ್ಕೆ ಇದಕ್ಕಿಂತ ಒಳ್ಳೆ ಹೆಸರು ಸಿಗಲಿಕ್ಕಿಲ್ಲ.

ಬೋರ್ಡು ಬರೆಯುವವರು ಬರುವ ಸೋಮವಾರ ಬರುತ್ತಾರೆ, ಕಡ–ಎರವಲಿನ ಉತ್ತರ ಅಷ್ಟರೊಳಗೆ ಬಂದರೆ ಒಳ್ಳೆಯದು. ಕಾಯಿಲೆಯ ಹೆಸರುಗಳಿಗೆ ಅವಸರವಿಲ್ಲ. ಮಂಪ್ಸ್, ಕಾಮಾಲೆ, ಲಕ್ವ, ಸರ್ಪಸುತ್ತು, ಇವಕ್ಕೆ ನಿಮ್ಮ ಊರಿನ ಹೆಸರು ತಾಲೂಕಿನ ಸಮೇತ ಬರೆದು ಕಳಿಸಿ. ಹಾಗೇ ಉಣುಗಿಗೂ. ‘ಉಣ್ಣೆ’ ಅನ್ನುವವರು ಇದ್ದಾರೆಂದು ಗೊತ್ತು, ಆದರೆ ಅದನ್ನು ಸೂಚಿಗೆ ಸೇರಿಸಿದರೆ ಕಂಬಳಿ ಹುಡುಕುವವರೂ ಬಂದಾರು.