ಕಲಂಕಾರಿ ಬಟ್ಟೆಯಲ್ಲಿ ದಿಂಬಿನ ಕವರ್: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಹೊಲಿಗೆ ಮಷಿನ್ ಮುಂದೆ ಕೂತು ಇನ್ನೂ ಮೂರೇ ತಿಂಗಳು. ಮಚಲೀಪಟ್ಟಣದ ಅಚ್ಚಿನ ಕಲಂಕಾರಿ ಕಾಟನ್ ಎರಡು ಮೀಟರ್ ಇದೆ. ಮೈತುಂಬ ನವಿಲು. ಪನ್ನ, ಅಂದರೆ ಬಟ್ಟೆಯ ಅಗಲ, 44 ಇಂಚು.

16 ಇಂಚಿನ ಸೋಫಾ ದಿಂಬುಗಳಿಗೆ ಜಿಪ್ ಇಲ್ಲದ ಕವರ್ ಹೊಲಿಯುವ ಆಸೆ. ಜಿಪ್ ಕೂರಿಸುವುದೆಂದರೆ ನನಗೆ ಈಗಲೂ ಕೈ ನಡುಕ! ಮುಂದಕ್ಕೆ 17 ಇಂಚಿನ ಚೌಕ, ಹಿಂದಕ್ಕೆ 17ಕ್ಕೆ 12ರ ಎರಡು ತುಂಡು, ಒಂದರ ಮೇಲೊಂದು ಬರುವ ಹಾಗೆ. ಮೂರೂ ಒಂದೇ ಪನ್ನದಲ್ಲಿ ಕೂರುತ್ತವೆ. ನಾಲ್ಕು ಕವರ್ ಆಗಬೇಕು.

ಆದರೆ ಹಾಗೆ ಕತ್ತರಿಸಿದರೆ ಅರ್ಧದಷ್ಟು ನವಿಲುಗಳ ತಲೆ ಹೊಲಿಗೆಯೊಳಗೆ ಹೋಗುತ್ತದೆ. ನವಿಲು ನಡುವೆ ಬರಬೇಕೆಂದರೆ ಮೂರೇ ಕವರ್. ನೀವು ಏನು ಮಾಡುತ್ತೀರಿ? ಸುಮ್ನೆ ಕತ್ತರಿಸಿಬಿಡುವುದಾ?

ಇನ್ನೊಂದು. ಚಿಕ್ಕ ತುಂಡೊಂದನ್ನು ಉಪ್ಪು ನೀರಲ್ಲಿ ನೆನೆಸಿದೆ, ನೀರೆಲ್ಲ ಕೆಂಪು. ಒಳಗೆ ಬಿಳಿ ಲೈನಿಂಗ್ ಕೊಡಬೇಕೆಂದಿದ್ದೆ, ಈಗ ಭಯ. ಕತ್ತರಿಸುವ ಮೊದಲು ಎಷ್ಟು ಸಲ ತೊಳೆಯಬೇಕು?

ಉಳಿದ ಚೂರು ಕೌದಿಗಿರಲಿ ಅಂತಾರೆ ಅತ್ತೆ. ಅಷ್ಟು ಕೈಹೊಲಿಗೆ ನನ್ನಿಂದಾಗದು. ಅಂಗೈಯಗಲದ ಚೂರುಗಳಲ್ಲಿ ಬೇಗ ಮುಗಿಯುವಂಥದ್ದು ಏನಾದರೂ ಇದ್ದರೆ ಹೇಳಿ.