ಚಿಲಿಕಾದಲ್ಲಿ ಹಕ್ಕಿ ನೋಡೋಕೆ ದೋಣಿ: ಸತಪಾಡಾನಾ, ಮಂಗಳಾಜೋಡಿನಾ?

ಕಾವೇರಿ_ದಡ

ಎಲ್ಲರಿಗೂ ನಮಸ್ಕಾರ. ಜನವರಿ ಕೊನೆಯಲ್ಲಿ ಭುವನೇಶ್ವರದಲ್ಲಿ ನಾದಿನಿ ಮನೆಯ ಗೃಹಪ್ರವೇಶ ಇದೆ. ಮೈಸೂರಿನಿಂದ ನಾಲ್ಕು ಜನ ಹೊರಟಿದ್ದೇವೆ. ನಾನು, ನಮ್ಮೆಜಮಾನರು, ಎಂಟು ವರ್ಷದ ಮಗಳು, ಅತ್ತೆ. ಅಷ್ಟು ದೂರ ಹೋಗಿ ಚಿಲಿಕಾ ಸರೋವರ ನೋಡದೆ ಬರಬಾರದು ಅಂತ ಮಗಳ ಹಟ. ರಂಗನತಿಟ್ಟಿನಲ್ಲಿ ದೋಣಿ ಹತ್ತಿ ಹತ್ತಿ ಅವಳಿಗೆ ಹಕ್ಕಿ ಹುಚ್ಚು ಹಿಡಿದಿದೆ. ಪಟ್ಟೆತಲೆ ಹೆಬ್ಬಾತು ನೋಡಲೇಬೇಕಂತೆ, ಅದು ಹಿಮಾಲಯ ದಾಟಿ ಬರುತ್ತೆ ಅಂತ ಎಲ್ಲೋ ಓದಿದ್ದಾಳೆ.

ನೆಟ್‌ನಲ್ಲಿ ಹುಡುಕಿದರೆ ಒಬ್ಬರು ಸತಪಾಡಾ ಅಂತಾರೆ, ಇನ್ನೊಬ್ಬರು ಮಂಗಳಾಜೋಡಿ ಅಂತಾರೆ, ಬರ್ಕುಲ್, ರಂಭಾ ಅಂತ ಬೇರೆ ಹೆಸರುಗಳೂ ಬರುತ್ತವೆ. ನಮಗೆ ಸಿಗೋದು ಒಂದೇ ದಿನ. ಅತ್ತೆಗೆ ಮಂಡಿನೋವು, ದೋಣಿ ಹತ್ತಿ ಇಳಿಯೋದು ಕಷ್ಟ ಆಗುತ್ತಾ? ಗೈಡ್ ಬೇಕೇ ಬೇಕಾ, ಅಥವಾ ದೋಣಿಯವರೇ ತೋರಿಸ್ತಾರಾ? ಕ್ಯಾಮೆರಾಗೆ 300 ಎಂಎಂ ಲೆನ್ಸ್ ಇದೆ, ಅದು ಸಾಕಾ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಏಕಾಮ್ರವಾಸಿ

ಮೇಡಂ, ನಾನು ಧಾರವಾಡದವನು. ಕೆಲಸಕ್ಕೆ ಅಂತ ಭುವನೇಶ್ವರಕ್ಕೆ ಬಂದು ಇಲ್ಲೇ ಉಳಿದುಬಿಟ್ಟೆ. ಹಕ್ಕಿಗೋಸ್ಕರ ಅಂದರೆ ಎರಡನೇ ಮಾತೇ ಇಲ್ಲ, ಮಂಗಳಾಜೋಡಿಗೆ ಹೋಗಿ.

ಚಿಲಿಕಾ ಅಂದರೆ ಒಂದು ದೊಡ್ಡ ಕೆರೆ ಅಂದ್ಕೋಬೇಡಿ. ಸುಮಾರು ಸಾವಿರ ಚದರ ಕಿಲೋಮೀಟರ್ ಹರಡಿದ ಹಿನ್ನೀರು ಅದು, ಮಳೆಗಾಲದಲ್ಲಿ ಇನ್ನೂ ಹಿಗ್ಗುತ್ತೆ. ಸತಪಾಡಾ ಇರೋದು ಪುರಿ ಕಡೆ, ಸಮುದ್ರದ ಬಾಯಿಯ ಹತ್ತಿರ. ಅಲ್ಲಿ ಮೋಟಾರು ದೋಣಿಯಲ್ಲಿ ಇರವಾಡಿ ಡಾಲ್ಫಿನ್ ನೋಡೋಕೆ ಕರ್ಕೊಂಡು ಹೋಗ್ತಾರೆ. ಡಾಲ್ಫಿನ್ ಬೇಕು ಅಂದರೆ ಸತಪಾಡಾ ಸರಿ. ಆದರೆ ಹಕ್ಕಿ ಹತ್ತಿರದಿಂದ ಸಿಗೋದು ಕಡಿಮೆ, ಆ ಮೋಟಾರಿನ ಸದ್ದಿಗೇ ಎಲ್ಲಾ ಎದ್ದು ಹೋಗುತ್ತವೆ.

ಮಂಗಳಾಜೋಡಿ ಇರೋದು ಉತ್ತರದ ತುದಿಯಲ್ಲಿ. ಮಹಾನದಿಯ ಕವಲುಗಳಾದ ದಯಾ, ಭಾರ್ಗವಿ ಎಲ್ಲಾ ಉತ್ತರ ಭಾಗಕ್ಕೇ ಸಿಹಿನೀರು ತಂದು ಸುರಿಯುತ್ತವೆ. ಅದಕ್ಕೇ ಅಲ್ಲಿ ನೀರು ಆಳ ಇಲ್ಲ, ಉಪ್ಪೂ ಕಡಿಮೆ, ಎಲ್ಲಿ ನೋಡಿದರೂ ಜೊಂಡು, ಹುಲ್ಲು, ಕೆಸರು. ಹಕ್ಕಿಗಳಿಗೆ ಊಟ, ಅಡಗೋಕೆ ಜಾಗ ಎರಡೂ ಅಲ್ಲೇ ಇದೆ.

ಭುವನೇಶ್ವರದಿಂದ ಚೆನ್ನೈ ಹೆದ್ದಾರಿಯಲ್ಲಿ ತಂಗಿ ಅನ್ನೋ ಊರಿನವರೆಗೆ ಬಂದು ಎಡಕ್ಕೆ ತಿರುಗಬೇಕು. ಒಟ್ಟು 70 ಕಿಲೋಮೀಟರ್ ಹತ್ತಿರ, ಕಾರಲ್ಲಿ ಒಂದೂವರೆ ಗಂಟೆ ಇಟ್ಕೊಳ್ಳಿ. ಊರು ದಾಟಿದ ಮೇಲೆ ಏರಿ ಮೇಲಿನ ರಸ್ತೆ ಸೀದಾ ದೋಣಿ ನಿಲ್ಲೋ ಕಡೆಗೆ ಹೋಗುತ್ತೆ. ಆ ಏರಿ ಮೇಲೆ ಕಾರಿನ ಕಿಟಕಿ ಇಳಿಸಿ ನಿಧಾನವಾಗಿ ಹೋಗಿ, ಎರಡೂ ಕಡೆ ಹಕ್ಕಿ ಶುರುವಾಗಿರುತ್ತೆ.

ಒಂದು ವಿಷಯ ನಮ್ಮ ಕಡೆಯವರಿಗೆ ಹೊಳೆಯೋದಿಲ್ಲ. ಇಲ್ಲಿ ಸಂಜೆ ಬೇಗ ಕತ್ತಲಾಗುತ್ತೆ. ಜನವರಿಯಲ್ಲಿ ಐದೂವರೆ ಹೊತ್ತಿಗೆ ಸೂರ್ಯ ಮುಳುಗಿಬಿಡುತ್ತಾನೆ. ಮೈಸೂರಿನ ಲೆಕ್ಕದಲ್ಲಿ ನಾಲ್ಕು ಗಂಟೆಗೆ ಆರಾಮಾಗಿ ದೋಣಿ ಹತ್ತೋಣ ಅಂದರೆ ಅರ್ಧ ನೋಡೋಷ್ಟರಲ್ಲಿ ಬೆಳಕು ಹೋಗಿರುತ್ತೆ. ಬೆಳಗ್ಗೆ ಹೋಗಿ, ಆರೂವರೆಗೆ ದೋಣಿಯಲ್ಲಿ ಇರಿ. ಮಂಜು ಇದ್ದರೆ ಸ್ವಲ್ಪ ಕಾಯಬೇಕಾಗುತ್ತೆ ಅಷ್ಟೇ. ಅತ್ತೆಯವರಿಗೆ ಶಾಲು, ಮಗುವಿಗೆ ಟೋಪಿ, ಸ್ವೆಟರ್ ಮರೀಬೇಡಿ. ನೀರಿನ ಮೇಲಿನ ಗಾಳಿ ಮೈ ಕೊರೆಯುತ್ತೆ.

ದೋಣಿಗಳು ಚಪ್ಪಟೆ ತಳದ ಮರದ ನಾಡದೋಣಿಗಳು. ಮೋಟಾರ್ ಇಲ್ಲ. ಹಿಂದೆ ಒಬ್ಬ ನಿಂತ್ಕೊಂಡು ಉದ್ದ ಬಿದಿರು ಗಳ ಊರಿ ತಳ್ಳುತ್ತಾನೆ, ಮುಂದೆ ಗೈಡ್ ಕೂತಿರ್ತಾನೆ. ಗೈಡ್ ಖಂಡಿತ ಬೇಕು. ಅದೇ ಊರಿನ ಹುಡುಗರು, ಅವರ ಕಣ್ಣಿಗೆ ಕಾಣೋದು ನಮ್ಮ ಕಣ್ಣಿಗೆ ಕಾಣೋದೇ ಇಲ್ಲ. ದರ ತಲೆಗಿಷ್ಟು ಅಂತಲ್ಲ, ದೋಣಿಗಿಷ್ಟು, ಹತ್ತೋ ಮೊದಲೇ ಕೇಳ್ಕೊಳ್ಳಿ. ಲೈಫ್ ಜಾಕೆಟ್ ಕೇಳಿ ಹಾಕಿಸ್ಕೊಳ್ಳಿ, ಅದರಲ್ಲೂ ಮಗುವಿಗೆ.

ಸೂಜಿಬಾಲ

ಮೇಲೆ ಹೇಳಿದ್ದೆಲ್ಲಾ ಸರಿ. ಹಕ್ಕಿ ವಿಷಯ ನಾನು ಸ್ವಲ್ಪ ಸೇರಿಸ್ತೀನಿ.

ಮೊದಲು ಮಗಳಿಗೆ ಒಂದು ಸಿಹಿ ಸುದ್ದಿ. ಪಟ್ಟೆತಲೆ ಹೆಬ್ಬಾತಿಗೆ ಒಡಿಶಾದವರೆಗೆ ಹೋಗಬೇಕಿಲ್ಲ. ನಿಮ್ಮ ಮೈಸೂರಿನ ಪಕ್ಕದಲ್ಲೇ, ನಂಜನಗೂಡು ತಾಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಬರುತ್ತವೆ. ಗದಗದ ಮಾಗಡಿ ಕೆರೆಗಂತೂ ಸಾವಿರಗಟ್ಟಲೆ ಬರುತ್ತವೆ. ಚಿಲಿಕಾದಲ್ಲಿ ಅವು ಜಾಸ್ತಿ ಸೇರೋದು ನಲಬಣ ದ್ವೀಪದ ಕಡೆ, ಅದು ಪಕ್ಷಿಧಾಮ. ಮಂಗಳಾಜೋಡಿಯಲ್ಲಿ ಸಿಕ್ಕರೆ ಸಿಗಬಹುದು, ಆದರೆ ಅದನ್ನೇ ನಂಬಿಕೊಂಡು ಹೋದರೆ ಮಗುವಿಗೆ ಬೇಜಾರಾಗುತ್ತೆ.

ಮಂಗಳಾಜೋಡಿಯ ನಿಜವಾದ ಸಿರಿ ಅಂದರೆ ಗಾಡ್‌ವಿಟ್. ಕಪ್ಪು ಬಾಲದ ಗಾಡ್‌ವಿಟ್, ನಮ್ಮ ಗೊರವಗಳ ಬಳಗದ್ದು. ಇಷ್ಟು ದೊಡ್ಡ ಗುಂಪು, ಇಷ್ಟು ಹತ್ತಿರದಿಂದ, ನಾನು ಬೇರೆಲ್ಲೂ ನೋಡಿಲ್ಲ. ದೋಣಿ ನಿಲ್ಲಿಸಿ ಸುಮ್ನೆ ಒಂದೇ ಒಂದು ಹಕ್ಕಿಯನ್ನು ನೋಡ್ತಾ ಕೂರೋಕೆ ಮಗಳಿಗೆ ಹೇಳಿ. ಉದ್ದನೆಯ ನೇರ ಕೊಕ್ಕು, ಬುಡದಲ್ಲಿ ನಸುಗೆಂಪು, ತುದಿಯಲ್ಲಿ ಕಪ್ಪು. ಹೊಲಿಗೆ ಮಿಷನ್ ಸೂಜಿ ಥರ ಕೆಸರಲ್ಲಿ ಪಟಪಟ ಅಂತ ಚುಚ್ಚುತ್ತಾ ಹೋಗುತ್ತೆ. ಕೆಲವು ಸಲ ಕಣ್ಣಿನವರೆಗೂ ನೀರಲ್ಲಿ ಮುಳುಗಿಸುತ್ತೆ. ಹುಳ ಸಿಕ್ಕಿದ ತಕ್ಷಣ ತಲೆ ಎತ್ತಿ ಒಂದು ಗುಟುಕು, ಮತ್ತೆ ಶುರು. ಜನವರಿ ಕೊನೆಗೆ ಮೈಯೆಲ್ಲಾ ಬೂದು ಬಣ್ಣ ಇರುತ್ತೆ. ಫೆಬ್ರವರಿ ಮುಗಿಯೋ ಹೊತ್ತಿಗೆ ಕೆಲವಕ್ಕೆ ಕತ್ತಿನಲ್ಲಿ ಇಟ್ಟಿಗೆ ಕೆಂಪು ಮೂಡೋಕೆ ಶುರು, ಅಂದರೆ ಊರಿಗೆ ಹೊರಡೋ ಕಾಲ ಬಂತು ಅಂತ.

ಜಂಬುಕೋಳಿ ಅಂತೂ ಬೇಕಾದಷ್ಟು. ಜೊಂಡಿನ ದಂಟನ್ನು ಕಾಲಲ್ಲಿ ಹಿಡ್ಕೊಂಡು ತಿನ್ನುತ್ತೆ, ನಾವು ಕಬ್ಬು ತಿಂದ ಹಾಗೆ. ದೇವನಕ್ಕಿ, ಮೆಟ್ಟುಗಾಲು ಹಕ್ಕಿ, ಕೆನ್ನೀಲಿ ಬಕ, ಸೂಜಿಬಾಲದ ಬಾತು, ಶೋವೆಲರ್, ಗ್ಯಾಡ್ವಾಲ್ ಅನ್ನೋ ಬಾತುಗಳು, ಮೀಸೆ ರೀವ, ಪುಣ್ಯ ಇದ್ದರೆ ಜೊಂಡಿನ ಅಂಚಲ್ಲಿ ಬೈಲನ್ಸ್ ಕ್ರೇಕ್. ಈ ಕ್ರೇಕ್ ಗುಬ್ಬಿಗಿಂತ ಸ್ವಲ್ಪ ದೊಡ್ಡದು ಅಷ್ಟೇ, ಗೈಡ್ ಬೆರಳು ತೋರಿಸಿದರೂ ನಿಮಗೆ ಕಾಣೋಕೆ ಹೊತ್ತು ಬೇಕು.

300 ಎಂಎಂ ಧಾರಾಳ ಸಾಕು. ದೋಣಿ ನೀರಿಗೆ ತೀರಾ ತಗ್ಗಾಗಿರೋದರಿಂದ ಹಕ್ಕಿಯ ಕಣ್ಣಿನ ಮಟ್ಟದಲ್ಲೇ ಫೋಟೋ ಸಿಗುತ್ತೆ, ಅದು ದೊಡ್ಡ ಲೆನ್ಸಿಗಿಂತ ಮೇಲು. ಸೂರ್ಯ ಬೆನ್ನ ಹಿಂದೆ ಇರೋ ಹಾಗೆ ದೋಣಿ ತಿರುಗಿಸೋಕೆ ಹೇಳಿ, ಅವರಿಗೆ ಗೊತ್ತಾಗುತ್ತೆ.

ಲೆನ್ಸ್_ಲೋಕ

ಒಂದು ಟಿಪ್ ಕೊಡ್ತೀನಿ. ಗೈಡ್ ಕೈಗೆ ಸ್ವಲ್ಪ ಜಾಸ್ತಿ ಕೊಟ್ಟರೆ ಗುಂಪಿನ ಹತ್ತಿರಕ್ಕೆ ತಳ್ಳಿಸ್ತಾರೆ, ಒಟ್ಟಿಗೆ ಹಾರೋ ಶಾಟ್ ಸಿಗುತ್ತೆ. ಸಾವಿರ ಹಕ್ಕಿ ಒಂದೇ ಫ್ರೇಮಲ್ಲಿ ಎದ್ದಾಗ ಹೇಗಿರುತ್ತೆ ಗೊತ್ತಾ! ಅಷ್ಟು ದೂರ ಹೋಗಿ ಕೂತ ಹಕ್ಕಿ ಫೋಟೋ ತಗೊಂಡು ಬರೋದರಲ್ಲಿ ಏನಿದೆ.

ಏಕಾಮ್ರವಾಸಿ

ಲೆನ್ಸ್_ಲೋಕ ಅವರೇ, ದಯವಿಟ್ಟು ಇದನ್ನು ಟಿಪ್ ಅಂತ ಹೇಳಬೇಡಿ. ಅಲ್ಲಿಯ ಬಹುಪಾಲು ಗೈಡ್‌ಗಳು ಒಪ್ಪೋದೂ ಇಲ್ಲ, ಒಪ್ಪುವಂತೆ ಒತ್ತಾಯ ಮಾಡೋರು ನಾವೇ.

ಈ ಊರಿನ ಕಥೆ ಗೊತ್ತಿದ್ದರೆ ನೀವೂ ಹೀಗೆ ಕೇಳ್ತಿರಲಿಲ್ಲ ಅನ್ಸುತ್ತೆ. 1990ರ ದಶಕದಲ್ಲಿ ಮಂಗಳಾಜೋಡಿ ಹಕ್ಕಿ ಬೇಟೆಗೇ ಹೆಸರಾದ ಊರು. ಚಳಿಗಾಲ ಬಂತು ಅಂದರೆ ಬಲೆ, ವಿಷ, ನಾಡಬಂದೂಕು. ಹಿಡಿದ ಬಾತುಗಳು ಮಾಂಸಕ್ಕೆ ಮಾರಾಟ. ಹಕ್ಕಿಗಳ ಸಂಖ್ಯೆ ಕೆಲವೇ ಸಾವಿರಕ್ಕೆ ಇಳಿದಿತ್ತು. ಆಮೇಲೆ ವೈಲ್ಡ್ ಒರಿಸ್ಸಾ ಅನ್ನೋ ಸಂಸ್ಥೆಯವರು ಊರವರ ಜೊತೆ ಕೂತು ಮಾತಾಡಿ ಮಾತಾಡಿ, ಬೇಟೆಗಾರರೇ ಸೇರಿ ಶ್ರೀ ಶ್ರೀ ಮಹಾವೀರ ಪಕ್ಷಿ ಸುರಕ್ಷಾ ಸಮಿತಿ ಅಂತ ಕಟ್ಟಿಕೊಂಡರು. ಹಕ್ಕಿ ಎಲ್ಲಿ ಮಲಗುತ್ತೆ, ಯಾವಾಗ ಏಳುತ್ತೆ, ಯಾವ ಸದ್ದಿಗೆ ಬೆದರುತ್ತೆ ಅನ್ನೋದು ಬೇಟೆಗಾರನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ ಹೇಳಿ? ಅದೇ ತಿಳಿವಳಿಕೆ ಈಗ ಕಾವಲಿಗೆ ಬಂದಿದೆ. ಈಗ ಅಲ್ಲಿ ಹಕ್ಕಿಗಳು ಲಕ್ಷದ ಲೆಕ್ಕದಲ್ಲಿ ಇಳಿಯುತ್ತವೆ. ಇಡೀ ಚಿಲಿಕಾದಲ್ಲಿ ಜನವರಿ ಗಣತಿಯ ಲೆಕ್ಕ ಈಚೆಗೆ 10 ಲಕ್ಷ ದಾಟಿದೆ. ನಾವು ದೋಣಿಗೆ ಕೊಡೋ ದುಡ್ಡು ಆ ಮನೆಗಳ ಒಲೆ ಉರಿಸುತ್ತೆ. ಬೇಟೆಗಿಂತ ಕಾಯೋದರಲ್ಲಿ ಅನ್ನ ಇದೆ ಅಂತ ಆದಾಗಲೇ ಅಲ್ವಾ ಇದೆಲ್ಲಾ ನಿಲ್ಲೋದು?

ಅಂಥ ಮನುಷ್ಯನ ಕೈಗೆ ಐನೂರು ರೂಪಾಯಿ ತುರುಕಿ ಹಕ್ಕಿ ಎಬ್ಬಿಸು ಅನ್ನೋದು ನನಗೆ ಸಹಿಸೋಕಾಗಲ್ಲ.

ಸೂಜಿಬಾಲ

ನೂರಕ್ಕೆ ನೂರು ಒಪ್ತೀನಿ. ಹಕ್ಕಿ ಕಡೆಯಿಂದಲೂ ಒಂದು ಮಾತು. ಈ ಬಾತುಗಳಲ್ಲಿ ಬಹಳಷ್ಟು ರಾತ್ರಿ ಮೇಯುತ್ತವೆ, ಹಗಲು ನೀರಿನ ಮೇಲೆ ವಿಶ್ರಾಂತಿ. ನಾವು ನೋಡೋಕೆ ಹೋಗೋದು ಅವುಗಳ ನಿದ್ದೆ ಹೊತ್ತಿಗೆ. ಫೆಬ್ರವರಿ, ಮಾರ್ಚ್‌ನಲ್ಲಿ ವಾಪಸ್ ಮಧ್ಯ ಏಷ್ಯಾ, ಸೈಬೀರಿಯಾ ಕಡೆಗೆ ಹಾರಬೇಕು, ಅದಕ್ಕೆ ಮೈಯಲ್ಲಿ ಕೊಬ್ಬು ಕೂಡಿಡಬೇಕು. ದಿನಕ್ಕೆ ಹತ್ತು ದೋಣಿ ಬಂದು ಹತ್ತು ಸಲ ಎಬ್ಬಿಸಿದರೆ ತಿಂದದ್ದೆಲ್ಲಾ ಹಾರಾಟಕ್ಕೇ ಖರ್ಚು.

ಹಾರೋ ಫೋಟೋ ಬೇಕಾದರೆ ಕಾಯಿರಿ. ಜೌಗು ಸೆಳೆವ, ಅಂದರೆ ಮಾರ್ಶ್ ಹ್ಯಾರಿಯರ್ ಅನ್ನೋ ಬೇಟೆಹಕ್ಕಿ, ದಿನಾ ಬೆಳಗ್ಗೆ ಜೊಂಡಿನ ಮೇಲೆ ತೇಲ್ತಾ ಬರುತ್ತೆ, ಅದರ ನೆರಳು ಬಿದ್ದರೆ ಸಾಕು ಗಾಡ್‌ವಿಟ್ ಗುಂಪು ಒಟ್ಟಿಗೆ ಏಳುತ್ತೆ. ಆ ಶಾಟ್ ನಿಮ್ಮ ಎಬ್ಬಿಸಿದ ಶಾಟ್‌ಗಿಂತ ಚೆನ್ನಾಗಿರುತ್ತೆ, ಯಾಕೆಂದರೆ ಹಕ್ಕಿಗಳು ನಿಮಗೆ ಬೆನ್ನು ಹಾಕಿ ಓಡ್ತಾ ಇರಲ್ಲ. ಮೊಬೈಲಲ್ಲಿ ಕೂಗು ಹಾಕಿ ಕ್ರೇಕ್ ಕರೆಯೋದು, ಡ್ರೋನ್ ಬಿಡೋದು, ಇವೆರಡೂ ಬೇಡವೇ ಬೇಡ.

ಲೆನ್ಸ್_ಲೋಕ

ಬೇಟೆ ವಿಷಯ ಗೊತ್ತಿರಲಿಲ್ಲ. ಸರಿ, ನಾನು ಹೇಳಿದ್ದನ್ನು ಬಿಡಿ. ಹ್ಯಾರಿಯರ್ ಬರೋ ಸಮಯ ಸುಮಾರು ಎಷ್ಟು?

ಸೂಜಿಬಾಲ

ಬಿಸಿಲು ಏರೋಕೆ ಶುರುವಾದ ಮೇಲೆ, ಏಳೂವರೆ ಎಂಟರಿಂದ ನೋಡ್ತಾ ಇರಿ. ದೂರದ ಜೊಂಡಿನ ಸಾಲಿನ ಮೇಲೆ ರೆಕ್ಕೆಯನ್ನು ವಿ ಆಕಾರದಲ್ಲಿ ಎತ್ತಿ ಹಿಡಿದು ಬರುತ್ತೆ. ಹಕ್ಕಿಗಳು ನಿಮಗಿಂತ ಮೊದಲೇ ನೋಡಿರ್ತವೆ, ಎಲ್ಲಾ ಒಂದೇ ಸಲ ಮೇಯೋದು ನಿಲ್ಲಿಸಿದರೆ ಕ್ಯಾಮೆರಾ ಎತ್ತಿ.

ಗಜನಿ_ಗದ್ದೆ

ಕುಮಟಾದಿಂದ ಬರೀತಿದ್ದೇನೆ. ಒಡಿಶಾಕ್ಕೆ ಹೋಗೋರು ಹೋಗಿ ಬನ್ನಿ, ಆದರೆ ನಮ್ಮ ಅಘನಾಶಿನಿಯನ್ನು ಯಾರೂ ನೆನೆಸ್ಕೊಳ್ಳಲ್ಲ ಅಂತ ಬೇಸರ. ರಂಗನತಿಟ್ಟು 2022ರಲ್ಲಿ ರಾಜ್ಯದ ಮೊದಲ ರಾಮ್ಸಾರ್ ತಾಣ (ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಯಿತು, 2024ರಲ್ಲಿ ಮಾಗಡಿ ಕೆರೆ, ಅಂಕಸಮುದ್ರದ ಜೊತೆ ಅಘನಾಶಿನಿ ಅಳಿವೆಯೂ ಸೇರಿತು.

ಇಲ್ಲಿ ಹಕ್ಕಿ ನೋಡೋಕೆ ಗಡಿಯಾರ ನೋಡಿದರೆ ಆಗಲ್ಲ, ಉಬ್ಬರ ಇಳಿತ ನೋಡಬೇಕು. ಇಳಿತದಲ್ಲಿ ಕೆಸರು ದಿಬ್ಬ ತೆರ್ಕೊಳ್ಳುತ್ತೆ. ಒಂದು ಕಡೆ ಹೆಂಗಸರು ಬಳಚು (ತಿನ್ನೋ ಚಿಪ್ಪುಜೀವಿ) ಆರಿಸ್ತಿರ್ತಾರೆ, ಅದೇ ದಿಬ್ಬದ ಇನ್ನೊಂದು ಕಡೆ ಗೊರವಗಳು, ಕಡಲಕ್ಕಿಗಳು ಮೇಯ್ತಿರ್ತವೆ. ಉಬ್ಬರ ಬಂದಾಗ ಗಜನಿ ಗದ್ದೆ (ಅಳಿವೆಯ ಉಪ್ಪುನೀರಿನ ಗದ್ದೆ) ಬದುಗಳಿಗೆ, ಕಾಂಡ್ಲಾ (ಮ್ಯಾಂಗ್ರೋವ್) ಮರಗಳಿಗೆ ಬಂದು ಕೂರುತ್ತವೆ. ಮಂಗಳಾಜೋಡಿ ಥರ ವ್ಯವಸ್ಥೆ ಇಲ್ಲಿಲ್ಲ, ಮೀನುಗಾರರನ್ನು ಕೇಳಿಕೊಂಡೇ ದೋಣಿ ಹತ್ತಬೇಕು. ಊರವರೇ ನಡೆಸೋ ಅಂಥದ್ದೊಂದು ಇಲ್ಲೂ ಆಗಲಿ ಅಂತ ನನ್ನ ಆಸೆ. ಕಗ್ಗ ಭತ್ತ ಬೆಳೆಯೋ ನಮ್ಮ ಹುಡುಗರು ಗೋವಾಕ್ಕೆ ಕೆಲಸಕ್ಕೆ ಹೋಗೋದು ತಪ್ಪುತ್ತೆ.

ಕಾವೇರಿ_ದಡ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿಷಯ ಸಿಗುತ್ತೆ ಅಂದ್ಕೊಂಡಿರಲಿಲ್ಲ. ಮಂಗಳಾಜೋಡಿ ಅಂತ ತೀರ್ಮಾನ ಆಯ್ತು, ಸತಪಾಡಾ ಬಿಟ್ಟೆವು. ಹೊರಡೋ ಮೊದಲು ಒಂದು ಭಾನುವಾರ ಹದಿನಾರು ಕೆರೆಗೂ ಹೋಗ್ತೀವಿ, ಮಗಳು ಈಗಲೇ ಕುಣೀತಿದ್ದಾಳೆ. ಗಜನಿ_ಗದ್ದೆ ಅವರೇ, ಬೇಸಿಗೆ ರಜೆಗೆ ಗೋಕರ್ಣದ ಕಡೆ ಬರ್ತೀವಿ, ಆಗ ಹಕ್ಕಿ ಇರುತ್ತಾ?

ಅತ್ತೆ ವಿಷಯ ಮಾತ್ರ ಇನ್ನೂ ಗೊತ್ತಾಗಲಿಲ್ಲ. ಮೂರು ಗಂಟೆ ಕಾಲು ಮಡಚಿ ಕೂರೋಕೆ ಅವರಿಗೆ ಆಗಲ್ಲ. ದೋಣಿಯಲ್ಲಿ ಶೌಚಾಲಯಕ್ಕೆ ಏನು ಮಾಡೋದು?

ಗಜನಿ_ಗದ್ದೆ

ಬೇಸಿಗೆಗೆ ವಲಸೆ ಹಕ್ಕಿ ಬಹುಪಾಲು ಹೊರಟುಹೋಗಿರುತ್ತವೆ. ಬಕ, ಮಿಂಚುಳ್ಳಿ, ಗರುಡ ಇರ್ತವೆ. ಡಿಸೆಂಬರ್ ರಜೆಯಲ್ಲಿ ಬನ್ನಿ.

ಏಕಾಮ್ರವಾಸಿ

ಮೇಡಂ, ದೋಣಿಯಲ್ಲಿ ಶೌಚಾಲಯ ಇಲ್ಲ. ಹತ್ತೋ ಮೊದಲೇ ಮುಗಿಸ್ಕೊಂಡು ಬರಬೇಕು, ಬೆಳಗ್ಗೆ ಕಾಫಿ ಅತ್ತೆಯವರಿಗೆ ಅರ್ಧ ಲೋಟ ಸಾಕು. ಮೂರು ಗಂಟೆ ಇರಲೇಬೇಕು ಅಂತೇನಿಲ್ಲ. ಒಂದೂವರೆ ಗಂಟೆಗೆ ಮಾತಾಡ್ಕೊಂಡು ಹೋಗಿ, ಅಷ್ಟರಲ್ಲೇ ಬೇಕಾದಷ್ಟು ಹಕ್ಕಿ ಸಿಗುತ್ತವೆ. ಬುಕ್ ಮಾಡುವಾಗಲೇ ವಯಸ್ಸಾದವರಿದ್ದಾರೆ, ಕಾಲು ಇಳಿಬಿಟ್ಟು ಕೂರೋ ಹಾಗೆ ಎತ್ತರದ ಸೀಟಿನ ದೋಣಿ ಬೇಕು ಅಂತ ಹೇಳಿ. ಹತ್ತುವಾಗ ಗೈಡ್ ಕೈ ಹಿಡ್ಕೊಳ್ತಾನೆ. ಮೊದಲು ಒಬ್ಬರು ಹತ್ತಿ ನಡುವೆ ಕೂತ ಮೇಲೆ ಅತ್ತೆಯವರು ಹತ್ತಲಿ, ಆಗ ದೋಣಿ ಓಲಾಡಲ್ಲ.

ಅವರಿಗೆ ಅದೂ ಬೇಡ ಅನ್ಸಿದರೆ ಕಾರು ನಿಲ್ಲಿಸೋ ಏರಿ ಮೇಲೇ ಒಂದು ಕುರ್ಚಿ ಹಾಕಿ ಬೈನಾಕ್ಯುಲರ್ ಕೊಡಿ. ಜಂಬುಕೋಳಿ, ಬಕ, ಮಿಂಚುಳ್ಳಿ ಅಲ್ಲಿಂದಲೇ ಕಾಣುತ್ತವೆ. ವಾಪಸ್ ಬರುವಾಗ ಊರಲ್ಲೇ ಊಟ ಮಾಡಿ. ಸಸ್ಯಾಹಾರಿಗಳಾದರೆ ಅನ್ನ, ದಾಲ್ಮಾ (ತರಕಾರಿ ಹಾಕಿದ ಬೇಳೆ) ಮಾಡಿಕೊಡೋಕೆ ಬೆಳಗ್ಗೆಯೇ ಹೇಳಿಟ್ಟು ದೋಣಿ ಹತ್ತಿ, ಇಲ್ಲದಿದ್ದರೆ ಬರೀ ಮೀನು, ಸೀಗಡಿ ಮಾಡಿರ್ತಾರೆ.